ಪಡ್ರೆಯಿಂದ ಜಿನೀವಾಕ್ಕೆ: ಪರಿಸರ ಒಡಂಬಡಿಕೆಗಳ ಪಾಠ



ಪರಿಸರ ಸಂರಕ್ಷಣೆಗಾಗಿ ರಾಷ್ಟ್ರಗಳ ನಡುವೆ ಏರ್ಪಟ್ಟ ಒಪ್ಪಂದಗಳನ್ನು ಕುರಿತು ಮಾತನಾಡಬೇಕೆಂದು ನನಗೆ ಸೂಚಿಸಲಾಗಿದೆ. ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ಈ ವಿಷಯ ಹೆಚ್ಚಾಗಿ ಒಂದು ಕೋಷ್ಟಕದ ರೂಪದಲ್ಲಿ ಬರುತ್ತದೆ. ಎಡಗಡೆಯಲ್ಲಿ ವರ್ಷ, ನಡುವೆ ಊರಿನ ಹೆಸರು, ಬಲಗಡೆಯಲ್ಲಿ ಉದ್ದೇಶ. 1971 ರಾಮ್ಸಾರ್, ಜೌಗುಭೂಮಿಗಳು. 1987 ಮಾಂಟ್ರಿಯಲ್, ಓಝೋನ್ ಪದರ. 1989 ಬಾಸೆಲ್, ಅಪಾಯಕಾರಿ ತ್ಯಾಜ್ಯ. 1992 ರಿಯೊ, ಜೀವವೈವಿಧ್ಯ ಮತ್ತು ಹವಾಮಾನ. 2001 ಸ್ಟಾಕ್‌ಹೋಮ್, ರಾಸಾಯನಿಕಗಳು. ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ. ‘ಹೊಂದಿಸಿ ಬರೆಯಿರಿ’ ಎಂಬ ಪ್ರಶ್ನೆಗೆ ಸರಿಯಾಗಿ ಉತ್ತರಿಸುತ್ತಾರೆ. ಇಂತಹ ಕೋಷ್ಟಕಗಳನ್ನು ತರಬೇತಿ ಸಾಹಿತ್ಯಕ್ಕೆ ಸೇರಿಸಿದವರಲ್ಲಿ ನಾನೂ ಒಬ್ಬನೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ವೀಕ್ಷಿಸುತ್ತಿದ್ದೆ. ಅಧ್ಯಾಪಿಕೆಯು ಈ ಕೋಷ್ಟಕವನ್ನು ಕಪ್ಪುಹಲಗೆಯ ಮೇಲೆ ಅಚ್ಚುಕಟ್ಟಾಗಿ ಬರೆದು ವಿವರಿಸಿದರು. ಸ್ಟಾಕ್‌ಹೋಮ್ ಸಾಲಿಗೆ ಬಂದಾಗ, ಎಂಡೋಸಲ್ಫಾನ್ ಕೂಡ ಈ ಪಟ್ಟಿಯಲ್ಲಿದೆ ಎಂದರು. ಕೂಡಲೇ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಟೀಚರ್, ಅಲ್ಲಿ ಸಹಿ ಹಾಕಿದ ಮೇಲೆ ನಮ್ಮ ತೋಡಿನ ನೀರು ಸರಿಯಾಯಿತಾ?” ಅಧ್ಯಾಪಿಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನಾಳೆ ಹೇಳುತ್ತೇನೆ ಎಂದರು. ಅಂದು ಆ ಪ್ರಶ್ನೆಯನ್ನು ನನ್ನಲ್ಲಿ ಕೇಳಿದ್ದರೂ ನನ್ನ ಬಳಿ ಉತ್ತರವಿರಲಿಲ್ಲ. ಇಂದಿನ ನನ್ನ ಮಾತು ಆ ಪ್ರಶ್ನೆಗೆ ಉತ್ತರ ಹುಡುಕುವ ಯತ್ನವೆಂದು ತಾವು ತಿಳಿಯಬಹುದು.

ಪದಗಳಿಂದ ಆರಂಭ

ಪಾಠಕ್ಕೆ ಮೊದಲು ಪದಗಳನ್ನು ಸರಿಪಡಿಸಿಕೊಳ್ಳುವುದು ಒಳ್ಳೆಯದು. ‘ಒಡಂಬಡಿಕೆ’ ಎಂಬ ಪದ ಗಡಿಯಾಚೆಯ ನಮಗೆಲ್ಲ ಬಹಳ ಅನುಕೂಲವಾದುದು. ‘ಒಡಂಬಡು’ ಎಂದರೆ ಒಪ್ಪು, ಸಮ್ಮತಿಸು. ಮಲಯಾಳದಲ್ಲಿ ಇದು ‘ಉಡಂಬಡಿ’, ತಮಿಳಿನಲ್ಲಿ ‘ಉಡನ್‌ಪಡಿಕ್ಕೈ’, ತೆಲುಗಿನಲ್ಲಿ ‘ಒಡಂಬಡಿಕ’. ಕಾಸರಗೋಡಿನ ಮಗುವಾಗಲಿ, ತಾಳವಾಡಿಯ ಮಗುವಾಗಲಿ, ಆದೋನಿಯ ಮಗುವಾಗಲಿ ರಾಜ್ಯಭಾಷೆಯ ಪುಸ್ತಕದಲ್ಲಿಯೂ ಪತ್ರಿಕೆಯಲ್ಲಿಯೂ ಇದೇ ಪದದ ಸೋದರಿಯನ್ನು ಕಾಣುತ್ತದೆ. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಇದನ್ನು ತೋರಿಸಿಕೊಡಬೇಕು. ಅಕ್ಕಲಕೋಟೆ, ಜತ್ತಿನ ಮಕ್ಕಳಿಗೆ ‘ಕರಾರು’ ಎಂಬ ಪದ ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಪರಿಚಿತವೇ ಆಗಿದೆ.

ತೊಡಕು ಕೊಡುವ ಪದಗಳೂ ಇವೆ. ‘ಪ್ರೋಟೊಕಾಲ್’ ಎಂಬುದನ್ನು ಕೆಲವೆಡೆ ‘ಶಿಷ್ಟಾಚಾರ’ ಎಂದು ಅನುವಾದಿಸಿರುವುದರಿಂದ ‘ಮಾಂಟ್ರಿಯಲ್ ಶಿಷ್ಟಾಚಾರ’ವು ಅತಿಥಿಗಳನ್ನು ಬರಮಾಡಿಕೊಳ್ಳುವ ಕ್ರಮವೆಂದು ಮಕ್ಕಳು ಭಾವಿಸುವುದುಂಟು. ಇಲ್ಲಿ ಅದಕ್ಕೆ ಅನುಬಂಧ ಒಪ್ಪಂದ ಎಂಬುದೇ ಅರ್ಥ. ಮೂಲ ಒಡಂಬಡಿಕೆಯನ್ನು ಕಾರ್ಯರೂಪಕ್ಕೆ ತರುವ ಕಟ್ಟುಪಾಡುಗಳು ಅದರಲ್ಲಿರುತ್ತವೆ. ಸ್ಟಾಕ್‌ಹೋಮ್ ಒಡಂಬಡಿಕೆಯ ವಿಷಯವಾದ ‘ದೀರ್ಘಕಾಲ ಉಳಿಯುವ ಸಾವಯವ ಮಾಲಿನ್ಯಕಾರಕಗಳು’ ಎಂಬ ಮಾತು ಇನ್ನೂ ತೊಡಕಿನದು. ‘ಸಾವಯವ ಕೃಷಿ’ ಒಳ್ಳೆಯದು, ‘ಸಾವಯವ ಮಾಲಿನ್ಯಕಾರಕ’ ಕೆಟ್ಟದ್ದು, ಇದು ಹೇಗೆ ಎಂದು ಮಗು ಕೇಳಿದರೆ ತಪ್ಪಿಲ್ಲ. ರಸಾಯನಶಾಸ್ತ್ರದಲ್ಲಿ ಸಾವಯವ ಎಂದರೆ ಇಂಗಾಲದ ಸಂಯುಕ್ತ ಎಂದಷ್ಟೇ ಅರ್ಥವೆಂಬುದನ್ನು ಬಿಡಿಸಿ ಹೇಳಬೇಕು. ಮತ್ತೊಂದು ಗೊಂದಲ ಊರಿನ ಹೆಸರಿನದು. 1972ರ ಜೂನ್ ತಿಂಗಳಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದದ್ದು ಮಾನವ ಪರಿಸರವನ್ನು ಕುರಿತ ವಿಶ್ವಸಂಸ್ಥೆಯ ಸಮ್ಮೇಳನ. ಇಂದಿರಾ ಗಾಂಧಿಯವರು ಭಾಷಣ ಮಾಡಿದ್ದು ಅಲ್ಲಿ, ಜೂನ್ 5 ವಿಶ್ವ ಪರಿಸರ ದಿನವಾದದ್ದು ಅದರಿಂದ. ರಾಸಾಯನಿಕಗಳ ಒಡಂಬಡಿಕೆ ಅದೇ ನಗರದಲ್ಲಿ 2001ರ ಮೇ 22ರಂದು ಅಂಗೀಕೃತವಾಯಿತು. ಎರಡಕ್ಕೂ ನಡುವೆ 29 ವರ್ಷಗಳ ಅಂತರವಿದೆ.

ಸಹಿ ಎಂದರೆ ಎಷ್ಟು?

ನಮ್ಮ ಕೋಷ್ಟಕ ಮರೆಮಾಚುವ ಸಂಗತಿಯೆಂದರೆ, ಒಡಂಬಡಿಕೆಯು ಒಂದೇ ದಿನದ ಘಟನೆಯಲ್ಲ ಎಂಬುದು. ಅದಕ್ಕೆ ಹಲವು ಮೆಟ್ಟಿಲುಗಳಿವೆ. ಮೊದಲು ಪ್ರತಿನಿಧಿಗಳು ಕುಳಿತು ಪಠ್ಯವನ್ನು ಅಂಗೀಕರಿಸುತ್ತಾರೆ. ಬಳಿಕ ದೇಶಗಳು ಸಹಿ ಹಾಕುತ್ತವೆ. ಸಹಿಯೆಂದರೆ ‘ನಮಗೆ ಇದು ಸಮ್ಮತ, ಪರಿಶೀಲಿಸುತ್ತೇವೆ’ ಎಂಬಷ್ಟು ಮಾತ್ರ. ದೇಶವು ತನ್ನ ಆಂತರಿಕ ಪದ್ಧತಿಯಂತೆ ಅದನ್ನು ಸ್ಥಿರೀಕರಿಸಿದ ಮೇಲಷ್ಟೇ ಅದಕ್ಕೆ ಬದ್ಧವಾಗುತ್ತದೆ. ನಿಗದಿಯಾದಷ್ಟು ದೇಶಗಳು ಸ್ಥಿರೀಕರಿಸಿದ ನಂತರ ಒಡಂಬಡಿಕೆ ಜಾರಿಗೆ ಬರುತ್ತದೆ. ಸ್ಟಾಕ್‌ಹೋಮ್ ಒಡಂಬಡಿಕೆ ಅಂಗೀಕಾರವಾದದ್ದು 2001ರಲ್ಲಿ. ಭಾರತ ಸಹಿ ಹಾಕಿದ್ದು 2002ರಲ್ಲಿ. ಅದು ಜಾರಿಗೆ ಬಂದದ್ದು 2004ರ ಮೇ 17ರಂದು. ಭಾರತ ಸ್ಥಿರೀಕರಿಸಿದ್ದು 2006ರ ಜನವರಿಯಲ್ಲಿ. ಅಮೆರಿಕ ಸಂಯುಕ್ತ ಸಂಸ್ಥಾನವು 2001ರಲ್ಲಿಯೇ ಸಹಿ ಹಾಕಿದರೂ ಸ್ಥಿರೀಕರಿಸಲಿಲ್ಲ. ಆದ್ದರಿಂದ ಅದು ಇದರ ಸದಸ್ಯ ರಾಷ್ಟ್ರವಲ್ಲ. ಊರಿನಲ್ಲಿ ಮಾತುಕತೆಯಾದ ಮಾತ್ರಕ್ಕೆ ಜಮೀನು ಕೈಸೇರುವುದಿಲ್ಲ, ನೋಂದಣಿಯಾಗಬೇಕು ಎಂಬುದನ್ನು ಬಲ್ಲ ಮಕ್ಕಳಿಗೆ ಇದು ಸುಲಭವಾಗಿ ತಿಳಿಯುತ್ತದೆ.

ಇನ್ನೂ ಒಂದು ಮೆಟ್ಟಿಲಿದೆ. ಈ ಒಡಂಬಡಿಕೆ ಹನ್ನೆರಡು ರಾಸಾಯನಿಕಗಳ ಪಟ್ಟಿಯೊಂದಿಗೆ ಆರಂಭವಾಯಿತು. ಅನುಬಂಧ ಎ-ಯಲ್ಲಿರುವವನ್ನು ಸಂಪೂರ್ಣ ನಿಲ್ಲಿಸಬೇಕು. ಅನುಬಂಧ ಬಿ-ಯಲ್ಲಿರುವುದನ್ನು ಮಿತಗೊಳಿಸಬೇಕು, ಡಿಡಿಟಿ ಮಲೇರಿಯಾದಂತಹ ರೋಗ ಹರಡುವ ಕೀಟಗಳ ನಿಯಂತ್ರಣಕ್ಕೆ ಮಾತ್ರ ಉಳಿದದ್ದು ಹೀಗೆ. ಅನುಬಂಧ ಸಿ-ಯಲ್ಲಿರುವುದು ಸುಡುವಿಕೆ ಮೊದಲಾದವುಗಳಿಂದ ಉದ್ದೇಶವಿಲ್ಲದೆಯೇ ಹುಟ್ಟುವ ವಿಷಗಳು. ಪಟ್ಟಿಗೆ ಹೊಸ ಹೆಸರು ಸೇರಿದಾಗ ಹೆಚ್ಚಿನ ದೇಶಗಳಿಗೆ ಅದು ತಾನಾಗಿಯೇ ಅನ್ವಯಿಸುತ್ತದೆ. ಆದರೆ ತಾವು ಪ್ರತ್ಯೇಕವಾಗಿ ಸ್ಥಿರೀಕರಿಸಿದ ಹೊರತು ಹೊಸ ಸೇರ್ಪಡೆ ತಮಗೆ ಅನ್ವಯಿಸದು ಎಂದು ಘೋಷಿಸಲು ದೇಶಗಳಿಗೆ ಅವಕಾಶವಿದೆ. ಭಾರತ ಅಂತಹ ಘೋಷಣೆ ಮಾಡಿರುವ ದೇಶಗಳಲ್ಲಿ ಒಂದು. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಗೇರುತೋಟದ ಕೆಳಗಿನ ಊರುಗಳು

ಈಗ ಆ ಹುಡುಗಿಯ ತೋಡಿನ ಬಳಿಗೆ ಬರೋಣ. ಕೇರಳ ಸರ್ಕಾರದ ಒಡೆತನದ ತೋಟಗಾರಿಕಾ ನಿಗಮವು ಕಾಸರಗೋಡು ಜಿಲ್ಲೆಯ ಗುಡ್ಡಗಳಲ್ಲಿ ಸಾವಿರಾರು ಹೆಕ್ಟೇರ್ ಗೇರುತೋಟಗಳನ್ನು ಬೆಳೆಸಿತು. ಗೇರಿನ ಚಿಗುರನ್ನೂ ಹೂವನ್ನೂ ಹೀರಿ ಒಣಗಿಸುವ ಚಹಾ ಸೊಳ್ಳೆಯೆಂಬ ಕೀಟವನ್ನು ಕೊಲ್ಲಲು, 1970ರ ದಶಕದ ಕೊನೆಯಿಂದ 2000ದವರೆಗೆ, ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟಗಳು ಗುಡ್ಡದ ಮೇಲೆ, ಮನೆಗಳೂ ತೋಡುಗಳೂ ಬಾವಿಗಳೂ ನೀರಿನ ಸುರಂಗಗಳೂ ಗುಡ್ಡದ ಬದಿಯಲ್ಲಿ ಮತ್ತು ತಳದಲ್ಲಿ. ಮೇಲಿನಿಂದ ಸುರಿದದ್ದು ಗಾಳಿಯಲ್ಲಿ ತೇಲಿ, ಮಳೆಯಲ್ಲಿ ತೊಳೆದು, ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು ಮೊದಲಾದ ಪಂಚಾಯತುಗಳ ಜನವಸತಿಗೆ ಇಳಿಯಿತು. ಇವುಗಳಲ್ಲಿ ಹಲವು ಕನ್ನಡ ಶಾಲೆಗಳಿರುವ ಊರುಗಳು. ಗಡಿಯ ಈಚೆಗೆ ದಕ್ಷಿಣ ಕನ್ನಡದ ಕೊಕ್ಕಡ, ನಿಡ್ಲೆ, ಪಟ್ರಮೆಗಳಲ್ಲಿಯೂ ಗೇರುತೋಟಗಳಿಗೆ ಇದೇ ರೀತಿಯ ಸಿಂಪಡಣೆ ನಡೆದು, ಅಲ್ಲಿಯ ಜನರೂ ಇದೇ ಬಗೆಯ ಸಂಕಟವನ್ನು ಹೇಳಿಕೊಂಡರು.

ಮೊದಲ ಸಾಕ್ಷಿ ನುಡಿದವರು ಸ್ಥಳೀಯರೇ. ಮುಂದೆ ‘ಅಡಿಕೆ ಪತ್ರಿಕೆ’ಯ ಸಂಪಾದಕರೆಂದು ನಾಡಿಗೆ ಪರಿಚಿತರಾದ ಶ್ರೀ ಪಡ್ರೆಯವರು ತಮ್ಮ ಊರಾದ ಪಡ್ರೆಯಲ್ಲಿ ಅಂಗವೈಕಲ್ಯದೊಂದಿಗೆ ಹುಟ್ಟುತ್ತಿದ್ದ ಕರುಗಳ ಬಗ್ಗೆ 1980ರ ದಶಕದ ಆರಂಭದಲ್ಲಿಯೇ ಬರೆದರು. ಅಲ್ಲಿಯೇ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ್ ಕುಮಾರ್ ಅವರು ಒಂದು ಸಣ್ಣ ಪ್ರದೇಶದಲ್ಲಿ ನರಸಂಬಂಧಿ ಕಾಯಿಲೆಗಳೂ ಜನ್ಮಜಾತ ವೈಕಲ್ಯಗಳೂ ಅತಿಯಾಗಿ ಕಾಣುತ್ತಿರುವುದನ್ನು ಗಮನಿಸಿ, ಕಾರಣವನ್ನು ಹುಡುಕತೊಡಗಿದರು. ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ ಅವರು 1998ರಲ್ಲಿ ನ್ಯಾಯಾಲಯಕ್ಕೆ ಹೋಗಿ ಹೆಲಿಕಾಪ್ಟರ್ ಸಿಂಪಡಣೆಯ ವಿರುದ್ಧ ತಡೆಯಾಜ್ಞೆ ಪಡೆದರು. ಇವರಲ್ಲಿ ಯಾರೂ ಅಂದು ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟವರಲ್ಲ. ಅವರು ತಮ್ಮ ಕಣ್ಣಿಗೆ ಬಿದ್ದದ್ದನ್ನು ಬರೆದಿಟ್ಟರು.

ನಂತರದ ಒಂದು ಸಂಗತಿ ಅಧ್ಯಾಪಕರಾದ ನಮಗೆ ಹತ್ತಿರದ್ದು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಇಲ್ಲಿ ನಡೆಸಿದ ಅಧ್ಯಯನವು ಶಾಲಾ ಮಕ್ಕಳದ್ದು. ಗೇರುತೋಟದ ತಪ್ಪಲಿನ ಊರಿನ, 10ರಿಂದ 19 ವರ್ಷ ವಯಸ್ಸಿನ 117 ಗಂಡುಮಕ್ಕಳನ್ನೂ, ಸಿಂಪಡಣೆಯ ಸೋಂಕಿಲ್ಲದ ಇನ್ನೊಂದು ಊರಿನ 90 ಮಕ್ಕಳನ್ನೂ ಅವರು ಹೋಲಿಸಿ ನೋಡಿದರು. 2003ರಲ್ಲಿ ಪ್ರಕಟವಾದ ಆ ಪ್ರಬಂಧವು, ಎಂಡೋಸಲ್ಫಾನ್ ಸಂಪರ್ಕವು ಪ್ರೌಢಾವಸ್ಥೆಯ ಬೆಳವಣಿಗೆಯನ್ನು ತಡಮಾಡಬಹುದು, ಹಾರ್ಮೋನುಗಳ ಉತ್ಪತ್ತಿಗೆ ಅಡ್ಡಿಯಾಗಬಹುದು ಎಂದು ಸೂಚಿಸಿತು; ಜೊತೆಗೆ ಅಧ್ಯಯನಕ್ಕೆ ಸಿಕ್ಕ ಮಕ್ಕಳ ಸಂಖ್ಯೆ ಚಿಕ್ಕದೆಂಬ ಮಿತಿಯನ್ನೂ ಹೇಳಿತು. ಈ ಅಧ್ಯಯನವನ್ನು ಒಪ್ಪದವರೂ ಇದ್ದರು. ಸರ್ಕಾರಗಳು ನೇಮಿಸಿದ ಬೇರೆ ಬೇರೆ ಸಮಿತಿಗಳ ವರದಿಗಳು ಒಂದಕ್ಕೊಂದು ಹೊಂದಲಿಲ್ಲ. ಊರಿನ ಪ್ರತಿಯೊಂದು ಕಾಯಿಲೆಗೂ ಒಂದೇ ಕಾರಣವೆಂದು ವಿಜ್ಞಾನ ಹೇಳಿಲ್ಲ. ಆ ವಿಷ ನಿರಪಾಯಕಾರಿಯೆಂದು ಹೇಳುವುದೂ ಇಂದು ಸಾಧ್ಯವಿಲ್ಲ. ಈ ಎರಡು ಮಾತುಗಳನ್ನೂ ಒಟ್ಟಿಗೆ ಹೇಳುವ ಧೈರ್ಯ ನಮಗಿರಬೇಕು.

ಜಿನೀವಾದಲ್ಲಿ ಕೇಳಿದ ಪ್ರಶ್ನೆಗಳು

ಒಂದು ಜಿಲ್ಲೆಯ ನೋವು ಅಂತರರಾಷ್ಟ್ರೀಯ ಸಭೆಯ ಮೇಜಿಗೆ ಬಂದದ್ದು ಹೇಗೆ? ನೋವು ದೊಡ್ಡದಾಗಿದ್ದ ಮಾತ್ರಕ್ಕೆ ಬರಲಿಲ್ಲ ಎಂಬುದೇ ಇದಕ್ಕೆ ಉತ್ತರ. ಮನಸ್ಸಿಗೆ ಕಹಿಯೆನಿಸಿದರೂ ಇದನ್ನು ಮಕ್ಕಳಿಗೆ ಹೇಳಬೇಕು. ಒಂದು ದೇಶದೊಳಗೇ ಮುಗಿಯುವ ಹಾನಿಯನ್ನು ಆ ದೇಶದ ಕಾನೂನೇ ನೋಡಿಕೊಳ್ಳಬೇಕೆಂಬುದು ರಾಷ್ಟ್ರಗಳ ರೂಢಿ. ಸ್ಟಾಕ್‌ಹೋಮ್ ಒಡಂಬಡಿಕೆಯಡಿ ರಾಸಾಯನಿಕವೊಂದನ್ನು ಪಟ್ಟಿಗೆ ಸೇರಿಸಬೇಕಾದರೆ ನಾಲ್ಕು ಪ್ರಶ್ನೆಗಳನ್ನು ಕೇಳುತ್ತಾರೆ. ಅದು ಮಣ್ಣು, ನೀರುಗಳಲ್ಲಿ ಬಹುಕಾಲ ಉಳಿಯುತ್ತದೆಯೇ? ಜೀವಿಗಳ ದೇಹದಲ್ಲಿ ಶೇಖರವಾಗುತ್ತದೆಯೇ? ತಾನು ಬಿಡುಗಡೆಯಾದ ಜಾಗದಿಂದ ಬಹುದೂರ ಸಾಗುತ್ತದೆಯೇ? ಮನುಷ್ಯರಿಗೆ ಅಥವಾ ಪರಿಸರಕ್ಕೆ ಹಾನಿ ಮಾಡುತ್ತದೆಯೇ? ಎಂಡೋಸಲ್ಫಾನಿನ ವಿಷಯದಲ್ಲಿ ಮೂರನೆಯ ಪ್ರಶ್ನೆಗೆ ಉತ್ತರ ದೊರೆತದ್ದು ಉತ್ತರ ಧ್ರುವ ಪ್ರದೇಶದಿಂದ. ಅದನ್ನು ಯಾರೂ ಸಿಂಪಡಿಸದ ಆ ಹಿಮದ ನಾಡಿನ ಗಾಳಿಯಲ್ಲಿಯೂ ಪ್ರಾಣಿಗಳಲ್ಲಿಯೂ ಅದು ಪತ್ತೆಯಾಗಿತ್ತು. ಬಿಸಿ ನಾಡಿನಲ್ಲಿ ಆವಿಯಾಗಿ ಗಾಳಿಗೇರಿದ್ದು ತಣ್ಣನೆಯ ನಾಡಿನಲ್ಲಿ ಇಳಿಯುತ್ತದೆ. ಪಡ್ರೆಯ ತೋಡಿಗೂ ಧ್ರುವದ ಹಿಮಕ್ಕೂ ಸಂಬಂಧ ಏರ್ಪಟ್ಟದ್ದು ಹೀಗೆ.

ಕಾರ್ಯಕ್ರಮ ನಿಧಾನವಾಗಿ ಸಾಗಿತು. 2007ರಲ್ಲಿ ಐರೋಪ್ಯ ಒಕ್ಕೂಟವು ಎಂಡೋಸಲ್ಫಾನನ್ನು ಪಟ್ಟಿಗೆ ಸೇರಿಸುವ ಪ್ರಸ್ತಾವವನ್ನು ಸಲ್ಲಿಸಿತು. 31 ತಜ್ಞರ ಪರಿಶೀಲನಾ ಸಮಿತಿಯು 2008ರಲ್ಲಿ ಮೇಲಿನ ನಾಲ್ಕು ಪ್ರಶ್ನೆಗಳನ್ನೂ, 2009ರಲ್ಲಿ ಅಪಾಯದ ಸ್ವರೂಪವನ್ನೂ, 2010ರಲ್ಲಿ ನಿಷೇಧಿಸಿದರೆ ರೈತರ ಮೇಲಾಗುವ ಪರಿಣಾಮವನ್ನೂ ಬದಲಿ ಉಪಾಯಗಳನ್ನೂ ಪರಿಶೀಲಿಸಿತು. ಆಗ ಭಾರತವು ಜಗತ್ತಿನಲ್ಲಿ ಎಂಡೋಸಲ್ಫಾನ್ ತಯಾರಿಕೆಯಲ್ಲಿಯೂ ಬಳಕೆಯಲ್ಲಿಯೂ ಮುಂಚೂಣಿಯಲ್ಲಿತ್ತು. ಸಹಜವಾಗಿಯೇ ನಮ್ಮ ದೇಶದ ಪ್ರತಿನಿಧಿಗಳು ಸೇರ್ಪಡೆಯನ್ನು ವಿರೋಧಿಸಿದರು. ಒಮ್ಮತ ಮೂಡದಿದ್ದಾಗ ಸಮಿತಿ ಮತದಾನಕ್ಕೆ ಮೊರೆಹೋಗಬೇಕಾಯಿತು. ಕೇರಳದಲ್ಲಿ 2005ರಿಂದಲೇ ಬಳಕೆ ನಿಷಿದ್ಧವಾಗಿತ್ತು; ಆದರೆ ಗಡಿ ದಾಟಿದರೆ ಅದೇ ಡಬ್ಬ ಅಂಗಡಿಯಲ್ಲಿ ಸಿಗುತ್ತಿತ್ತು. ಗಡಿಯೂರಿನಲ್ಲಿ ಬದುಕುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ರಾಜ್ಯದೊಳಗಿನ ನಿಷೇಧ ಏಕೆ ಸಾಲದು, ದೇಶದೊಳಗಿನ ನಿಷೇಧ ಏಕೆ ಸಾಲದು ಎಂಬುದಕ್ಕೆ ಒಂದೇ ಬಗೆಯ ಉತ್ತರವಿದೆ.

2011ರ ಏಪ್ರಿಲ್ 25ರಿಂದ 29ರವರೆಗೆ ಜಿನೀವಾದಲ್ಲಿ ಸದಸ್ಯ ರಾಷ್ಟ್ರಗಳ ಐದನೆಯ ಸಭೆ ನಡೆಯಿತು. ಸಭೆ ಆರಂಭವಾದ ದಿನವೇ ಕೇರಳದ ಅಂದಿನ ಮುಖ್ಯಮಂತ್ರಿ ವಿ. ಎಸ್. ಅಚ್ಯುತಾನಂದನ್ ಅವರು ತಿರುವನಂತಪುರದಲ್ಲಿ ಒಂದು ದಿನದ ಉಪವಾಸ ಕೈಗೊಂಡರು. ಒಂದು ರಾಜ್ಯದ ಮುಖ್ಯಮಂತ್ರಿಯು ತನ್ನದೇ ದೇಶದ ನಿಲುವಿನ ವಿರುದ್ಧ ಉಪವಾಸ ಕುಳಿತದ್ದು ಅಪರೂಪದ ಸಂಗತಿ. ಅಂತರರಾಷ್ಟ್ರೀಯ ಸಭೆಯಲ್ಲಿ ‘ಭಾರತ’ ಎಂದು ಒಂದೇ ಹೆಸರಿನಲ್ಲಿ ನುಡಿಯುವ ದನಿಯೊಳಗೆ ಎಷ್ಟು ದನಿಗಳಿರುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ತರಗತಿಗೆ ದೊರೆಯದು. ಕೊನೆಯ ದಿನ ಒಮ್ಮತ ಮೂಡಿತು. ಎಂಡೋಸಲ್ಫಾನ್ ಅನುಬಂಧ ಎ-ಗೆ ಸೇರಿತು. ಕೆಲವು ಬೆಳೆಗಳ ಕೆಲವು ಕೀಟಗಳಿಗೆ ನಿಗದಿತ ಕಾಲದ ವಿನಾಯಿತಿಯನ್ನೂ ಒಪ್ಪಿಕೊಳ್ಳಲಾಯಿತು. ಭಾರತವೂ ಈ ಒಮ್ಮತದಲ್ಲಿ ಸೇರಿತು.

ಆದರೆ ನಾನು ನೆನಪಿನಲ್ಲಿಡಿ ಎಂದು ಕೋರಿದ ಘೋಷಣೆಯನ್ನು ಈಗ ಸ್ಮರಿಸಿಕೊಳ್ಳಿ. ಸಭೆಯ ನಿರ್ಣಯ ತಾನಾಗಿಯೇ ಭಾರತದಲ್ಲಿ ಕಾನೂನಾಗುವುದಿಲ್ಲ. ಇಡೀ ದೇಶದಲ್ಲಿ ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆದದ್ದು 2011ರ ಮೇ 13ರ ಸರ್ವೋಚ್ಚ ನ್ಯಾಯಾಲಯದ ಆದೇಶ. ಅದು ಯುವಜನ ಸಂಘಟನೆಯೊಂದು ಸಲ್ಲಿಸಿದ ಅರ್ಜಿಯ ಮೇಲೆ ಬಂದದ್ದು. ಜಿನೀವಾದ ನಿರ್ಣಯಕ್ಕೂ ಈ ಆದೇಶಕ್ಕೂ ನಡುವೆ ಎರಡು ವಾರಗಳ ಅಂತರವಷ್ಟೇ. ಒಡಂಬಡಿಕೆಯೊಂದೇ ತಡೆಯಿತು ಎನ್ನುವುದೂ ತಪ್ಪು, ಅದರಿಂದ ಏನೂ ಆಗಲಿಲ್ಲ ಎನ್ನುವುದೂ ತಪ್ಪು. ಸ್ಥಳೀಯ ನ್ಯಾಯಾಲಯ, ರಾಜ್ಯ ಸರ್ಕಾರ, ಜಿನೀವಾದ ಸಭೆ, ಸರ್ವೋಚ್ಚ ನ್ಯಾಯಾಲಯ ಇವು ಒಂದೊಂದೂ ಸರಪಣಿಯ ಒಂದೊಂದು ಕೊಂಡಿ.

ದೇಶದೊಳಗೆ ಉಳಿದ ದಾಸ್ತಾನನ್ನು ಷರತ್ತುಗಳೊಂದಿಗೆ ರಫ್ತು ಮಾಡಲು ಅದೇ ವರ್ಷ ನ್ಯಾಯಾಲಯ ಅನುಮತಿ ನೀಡಿತು. ನಮಗೆ ಬೇಡವಾದುದನ್ನು ಬೇರೆಯವರಿಗೆ ಮಾರಬಹುದೇ ಎಂಬ ಪ್ರಶ್ನೆಯನ್ನು ಹತ್ತನೆಯ ತರಗತಿಯ ಮಕ್ಕಳು ಚೆನ್ನಾಗಿ ಚರ್ಚಿಸಬಲ್ಲರು. ಇಂತಹ ವ್ಯಾಪಾರದಲ್ಲಿ ಕೊಳ್ಳುವ ದೇಶಕ್ಕೆ ಮುಂಚಿತವಾಗಿ ಮಾಹಿತಿ ನೀಡಿ ಸಮ್ಮತಿ ಪಡೆಯಬೇಕೆನ್ನುವುದು 1998ರ ರಾಟರ್‌ಡಾಮ್ ಒಡಂಬಡಿಕೆ. ಎಂಡೋಸಲ್ಫಾನ್ 2011ರಲ್ಲಿಯೇ ಅದರ ಪಟ್ಟಿಗೂ ಸೇರಿತು. ಕೋಷ್ಟಕದಲ್ಲಿ ಬೇರೆ ಬೇರೆ ಸಾಲುಗಳಲ್ಲಿರುವ ಬಾಸೆಲ್, ರಾಟರ್‌ಡಾಮ್, ಸ್ಟಾಕ್‌ಹೋಮ್‌ಗಳು ಒಂದೇ ವಿಷದ ಮೂರು ಘಟ್ಟಗಳನ್ನು, ಎಂದರೆ ತ್ಯಾಜ್ಯದ ಸಾಗಾಟ, ವ್ಯಾಪಾರ, ತಯಾರಿಕೆಗಳನ್ನು ನೋಡಿಕೊಳ್ಳುತ್ತವೆ ಎಂದು ತೋರಿಸಿದರೆ ಮಕ್ಕಳಿಗೆ ಅವು ಮರೆಯುವುದಿಲ್ಲ.

ಯಶಸ್ಸಿನ ಒಂದು ಉದಾಹರಣೆ

ಇಷ್ಟು ಕೇಳಿದ ಮೇಲೆ ಒಡಂಬಡಿಕೆಗಳೆಲ್ಲ ಅರೆಬರೆಯೇ ಎಂಬ ನಿರಾಸೆ ಮಕ್ಕಳಿಗೆ ಬರಬಾರದು. ಅದಕ್ಕಾಗಿ ಮಾಂಟ್ರಿಯಲ್ ಒಪ್ಪಂದವನ್ನು ಜೊತೆಯಲ್ಲಿಟ್ಟು ಪಾಠ ಮಾಡಬೇಕು. ಶೀತಕಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್‌ಗಳು ಓಝೋನ್ ಪದರವನ್ನು ನಾಶಮಾಡಬಲ್ಲವೆಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ತೋರಿಸಿದರು. ಅಂಟಾರ್ಕ್ಟಿಕದ ಮೇಲೆ ಓಝೋನ್ ತೀವ್ರವಾಗಿ ಕುಸಿದಿರುವುದು 1985ರಲ್ಲಿ ಪ್ರಕಟವಾಯಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಆ ದಿನವೇ ಇಂದು ವಿಶ್ವ ಓಝೋನ್ ದಿನ.

ಅದು ಫಲಿಸಿದ್ದಕ್ಕೆ ಕಾರಣಗಳಿವೆ. ಅಭಿವೃದ್ಧಿಶೀಲ ದೇಶಗಳಿಗೆ ಹತ್ತು ವರ್ಷಗಳ ಹೆಚ್ಚಿನ ಕಾಲಾವಕಾಶ ನೀಡಲಾಯಿತು. ಭಾರತವೂ ಚೀನವೂ ಹಣಕಾಸಿನ ನೆರವಿಲ್ಲದೆ ಸೇರಲು ಒಪ್ಪದಿದ್ದಾಗ, 1990ರ ಲಂಡನ್ ಸಭೆಯಲ್ಲಿ ಬಹುಪಕ್ಷೀಯ ನಿಧಿಯೊಂದನ್ನು ಸ್ಥಾಪಿಸಲು ಒಪ್ಪಿಗೆಯಾಯಿತು. ಭಾರತ 1992ರಲ್ಲಿ ಸೇರಿತು. ಹೊರಗುಳಿದ ದೇಶಗಳೊಂದಿಗೆ ಆ ವಸ್ತುಗಳ ವ್ಯಾಪಾರಕ್ಕೆ ನಿರ್ಬಂಧವಿದ್ದುದರಿಂದ ಹೊರಗುಳಿಯುವುದು ಲಾಭದಾಯಕವಾಗಲಿಲ್ಲ. ಬದಲಿ ವಸ್ತುಗಳು ಮಾರುಕಟ್ಟೆಗೆ ಬಂದವು. 2009ರ ಹೊತ್ತಿಗೆ ವಿಶ್ವಸಂಸ್ಥೆಯ ಎಲ್ಲ ಸದಸ್ಯ ರಾಷ್ಟ್ರಗಳೂ ಇದನ್ನು ಸ್ಥಿರೀಕರಿಸಿದ್ದವು. ಈಗಿನ ಕ್ರಮಗಳು ಹೀಗೆಯೇ ಮುಂದುವರಿದರೆ ಅಂಟಾರ್ಕ್ಟಿಕದ ಮೇಲಿನ ಓಝೋನ್ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳುವುದೆಂಬುದು ವಿಜ್ಞಾನಿಗಳ ಅಂದಾಜು. ಇಂದು ನಮ್ಮ ಮುಂದೆ ಕುಳಿತಿರುವ ಮಗುವಿಗೆ ಆಗ ಐವತ್ತು ದಾಟಿರುತ್ತದೆ. ಒಡಂಬಡಿಕೆಯ ಫಲಕ್ಕೆ ಕಾಯಬೇಕಾದ ಕಾಲ ಎಷ್ಟೆಂಬುದು ಇದರಿಂದ ಮಕ್ಕಳಿಗೆ ತಿಳಿಯುತ್ತದೆ.

ತರಗತಿಯಲ್ಲಿ ಗಮನಿಸಬೇಕಾದುದು

ಪಾಠದ ವಿಧಾನದ ಬಗ್ಗೆ ಕೆಲವು ಸೂಚನೆಗಳನ್ನು ಹೇಳುತ್ತೇನೆ.

ಮೊದಲನೆಯದು, ಒಂದು ಒಡಂಬಡಿಕೆಯನ್ನಾದರೂ ಆಳವಾಗಿ ಕಲಿಸುವುದು. ಹತ್ತು ಹೆಸರುಗಳ ಬದಲು ಒಂದರ ಪೂರ್ಣ ಕಥೆ ತಿಳಿದ ಮಗು ಉಳಿದ ಒಂಬತ್ತನ್ನು ತಾನೇ ಓದಿ ಅರ್ಥಮಾಡಿಕೊಳ್ಳುತ್ತದೆ. ಪ್ರತಿ ಒಡಂಬಡಿಕೆಗೂ ಐದು ಪ್ರಶ್ನೆಗಳನ್ನು ಕೇಳಿಸಿರಿ: ಯಾವ ಹಾನಿ ಗಡಿ ದಾಟುತ್ತಿತ್ತು? ಮೊದಲು ಕಂಡವರು ಯಾರು? ಯಾರಿಗೆ ನಷ್ಟವಾಗುವಂತಿತ್ತು? ನಮ್ಮ ದೇಶ ಯಾವ ಮೆಟ್ಟಿಲಿನಲ್ಲಿದೆ? ಅದು ಮಾಡದೆ ಉಳಿಸಿದ್ದು ಯಾವುದು?

ಎರಡನೆಯದು, ಸಭೆಯ ಅಭಿನಯ. ತರಗತಿಯನ್ನು ರೈತರು, ತಯಾರಕರು, ವೈದ್ಯರು, ರಾಜ್ಯ ಸರ್ಕಾರ, ಕೇಂದ್ರ ಸರ್ಕಾರ, ಧ್ರುವ ಪ್ರದೇಶದ ನಿವಾಸಿಗಳು ಎಂದು ವಿಂಗಡಿಸಿ ಮೇಲಿನ ನಾಲ್ಕು ಪ್ರಶ್ನೆಗಳ ಮೇಲೆ ವಾದಿಸಲು ಬಿಡಿ. ಕೀಟದಿಂದ ಬೆಳೆ ಕಳೆದುಕೊಳ್ಳುವ ರೈತನ ಪಾತ್ರವನ್ನು ಹಾಸ್ಯಕ್ಕೆ ಬಿಡಬೇಡಿ. ಅವನ ವಾದವೂ ಗಟ್ಟಿಯಾಗಿರಬೇಕು. ಕನ್ನಡದಲ್ಲಿ ವಾದಿಸಿ, ನಿರ್ಣಯವನ್ನು ಕನ್ನಡದಲ್ಲಿಯೂ ರಾಜ್ಯಭಾಷೆಯಲ್ಲಿಯೂ ಬರೆಯಲಿ. ಒಂದು ಪದ ಬದಲಾದರೆ ಒಪ್ಪಂದದ ಅರ್ಥ ಹೇಗೆ ಬದಲಾಗುತ್ತದೆಂಬುದು ಆಗ ಅವರಿಗೆ ಅನುಭವಕ್ಕೆ ಬರುತ್ತದೆ.

ಮೂರನೆಯದು ಅತಿ ಮುಖ್ಯವಾದುದು. ಬಾಧಿತ ಪ್ರದೇಶದ ಶಾಲೆಗಳಲ್ಲಿ ಯಾವ ಮಗುವನ್ನೂ, ಯಾವ ಮನೆಯನ್ನೂ ಉದಾಹರಣೆಯಾಗಿ ತೋರಿಸಬಾರದು. ತಮ್ಮನೋ ಅಕ್ಕನೋ ಹಾಸಿಗೆ ಹಿಡಿದಿರುವ ಮಗು ನಿಮ್ಮ ಮುಂದೆಯೇ ಕುಳಿತಿರಬಹುದು; ಅವರಲ್ಲಿ ಕೆಲವರು ಪಂಚಾಯತಿನ ಬಡ್ಸ್ ಶಾಲೆಗೆ ಹೋಗುತ್ತಿರಬಹುದು. ರೋಗಿಗಳ ಛಾಯಾಚಿತ್ರಗಳನ್ನು ಗೋಡೆಗೆ ಅಂಟಿಸುವುದು ಬೇಡ. ಆ ಊರುಗಳ ಜನ ಕಾಯಿಲೆಯ ಜೊತೆಗೆ, ಊರಿನ ಹೆಸರಿಗೆ ಅಂಟಿದ ಕಳಂಕವನ್ನೂ ಹೊತ್ತಿದ್ದಾರೆ. ಸಾಕ್ಷಿ ನುಡಿದ, ಬರೆದಿಟ್ಟ, ನ್ಯಾಯ ಕೇಳಿದ ಊರೆಂಬ ಹೆಮ್ಮೆ ಮಗುವಿಗೆ ಪಾಠದಿಂದ ದೊರೆಯಬೇಕು.

ಇತರ ಪ್ರದೇಶಗಳ ಬಂಧುಗಳು ತಮ್ಮ ಊರಿಗೆ ಹೊಂದುವ ಉದಾಹರಣೆಯನ್ನು ಹುಡುಕಿಕೊಳ್ಳಬಹುದು. ಸೊಲ್ಲಾಪುರದವರಿಗೆ ನಾನ್ನಜ್‌ನ ಹುಲ್ಲುಗಾವಲಿದೆ. ಮರಾಠಿಯಲ್ಲಿ ಮಾಳಢೋಕ್, ಕನ್ನಡದಲ್ಲಿ ಎರ್ಲಡ್ಡು ಎನ್ನುವ ಹಕ್ಕಿಗಾಗಿ ಅಲ್ಲಿ ಅಭಯಾರಣ್ಯ ಮಾಡಲಾಯಿತು. 2020ರ ಫೆಬ್ರುವರಿಯಲ್ಲಿ ಗಾಂಧಿನಗರದಲ್ಲಿ ಸೇರಿದ ವಲಸೆ ಪ್ರಾಣಿಗಳ ಒಡಂಬಡಿಕೆಯ ಸಭೆಯು ಆ ಹಕ್ಕಿಯನ್ನೂ ಏಷ್ಯಾದ ಆನೆಯನ್ನೂ ತನ್ನ ಮೊದಲನೆಯ ಅನುಬಂಧಕ್ಕೆ ಸೇರಿಸಿತು. ವಯನಾಡು, ನೀಲಗಿರಿ, ತಾಳವಾಡಿಯ ಮಕ್ಕಳಿಗೆ ಆನೆಯ ಪರಿಚಯ ನಾವು ಮಾಡಿಸಬೇಕಾಗಿಲ್ಲ. ಮೂರು ರಾಜ್ಯಗಳ ಗಡಿಯನ್ನು ರಾತ್ರೋರಾತ್ರಿ ದಾಟುವ ಆನೆಯಿಂದಲೇ, ಗಡಿ ದಾಟುವ ಜೀವಿಗೆ ಗಡಿ ದಾಟುವ ಕಾನೂನು ಏಕೆ ಬೇಕೆಂಬ ಪಾಠವನ್ನು ಆರಂಭಿಸಬಹುದು.

ಆ ಪ್ರಶ್ನೆಗೆ ಉತ್ತರ

ಇನ್ನು ಆ ಹುಡುಗಿಯ ಪ್ರಶ್ನೆ. ಮರುದಿನವೂ ನಾನು ಅದೇ ಶಾಲೆಯಲ್ಲಿದ್ದೆ. ಅಧ್ಯಾಪಿಕೆಯು ರಾತ್ರಿ ಹಳೆಯ ಪತ್ರಿಕೆಗಳನ್ನು ಓದಿಕೊಂಡು ಬಂದಿದ್ದರು. ಕಪ್ಪುಹಲಗೆಯ ನಡುವೆ ಗೆರೆ ಎಳೆದು, ಎಡಗಡೆಗೆ ‘ಆದದ್ದು’, ಬಲಗಡೆಗೆ ‘ಆಗಬೇಕಾದದ್ದು’ ಎಂದು ಬರೆದರು. ಎಡಗಡೆಯಲ್ಲಿ: ಹೆಲಿಕಾಪ್ಟರ್ ಮತ್ತೆ ಬರುವುದಿಲ್ಲ, ನಮ್ಮ ದೇಶದಲ್ಲಿ ಆ ವಿಷವನ್ನು ತಯಾರಿಸುವಂತಿಲ್ಲ, ಜಗತ್ತಿನ ಬಹುಪಾಲು ದೇಶಗಳು ಅದನ್ನು ಬಿಡಲು ಒಪ್ಪಿವೆ. ಬಲಗಡೆಯಲ್ಲಿ: ಗೋದಾಮಿನಲ್ಲಿ ಉಳಿದ ಡಬ್ಬಗಳ ವಿಲೇವಾರಿ; ತೋಡು, ಬಾವಿ, ಮಣ್ಣುಗಳ ಪರೀಕ್ಷೆ; ಬಾಧಿತರ ಚಿಕಿತ್ಸೆ, ಪರಿಹಾರ. ಒಡಂಬಡಿಕೆಯಲ್ಲಿ ಬಾಧಿತರಿಗೆ ಪರಿಹಾರ ಕೊಡಿಸುವ ವಿಧಿಯಿಲ್ಲ ಎಂದು ಅವರು ಮಕ್ಕಳಿಗೆ ನೇರವಾಗಿ ಹೇಳಿದರು. ಬಾಧಿತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯ ರಾಜ್ಯಕ್ಕೆ ಆದೇಶಿಸಿದ್ದು 2017ರ ಜನವರಿಯಲ್ಲಿ. ಐದು ವರ್ಷಗಳ ನಂತರ, 2022ರಲ್ಲಿಯೂ, ಆ ಹಣ ಹಲವರಿಗೆ ತಲುಪಿರಲಿಲ್ಲವೆಂದು ಅದೇ ನ್ಯಾಯಾಲಯ ಅಸಮಾಧಾನ ವ್ಯಕ್ತಪಡಿಸಬೇಕಾಯಿತು.

ಕೊನೆಯಲ್ಲಿ ಅವರು ಆ ಹುಡುಗಿಯ ಕಡೆ ತಿರುಗಿ, “ಸಹಿ ಹಾಕಿದ್ದರಿಂದ ತೋಡು ಸರಿಯಾಗುವುದಿಲ್ಲ ಮಗಾ. ಇನ್ನು ಮುಂದೆ ಅದಕ್ಕೆ ಹೊಸದಾಗಿ ವಿಷ ಬೀಳುವುದಿಲ್ಲ, ಅಷ್ಟೇ. ಉಳಿದದ್ದನ್ನು ಇಲ್ಲಿಯವರೇ ಕೇಳಿ ಮಾಡಿಸಿಕೊಳ್ಳಬೇಕು” ಎಂದರು. ಅಂದು ಮಧ್ಯಾಹ್ನ ಮಕ್ಕಳು, ತೋಡಿನ ನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಶಾಲೆಗೆ ತಿಳಿಸಬೇಕೆಂದು ಕೋರಿ ಪಂಚಾಯತಿಗೆ ಒಂದು ಮನವಿ ಬರೆದರು. ಕನ್ನಡದಲ್ಲಿ ಒಂದು ಪ್ರತಿ, ಮಲಯಾಳದಲ್ಲಿ ಒಂದು ಪ್ರತಿ. ಸಹಿಗಳ ಸಾಲಿನಲ್ಲಿ ಮೊದಲನೆಯದು ಆ ಹುಡುಗಿಯದು.

ತಮ್ಮ ಶಾಲೆಗಳಲ್ಲಿಯೂ ಈ ಪಾಠ ಬಂದಾಗ ಕಪ್ಪುಹಲಗೆಯ ನಡುವೆ ಅಂತಹದೊಂದು ಗೆರೆ ಎಳೆಯಿರಿ ಎಂದು ಕೋರಿ ನನ್ನ ಮಾತನ್ನು ಮುಗಿಸುತ್ತೇನೆ.